ರಹೀಂ ಸಾಹೇಬರು

ಕಾಲ್ಚೆಂಡಿನ ಗುರು ಸೈಯದ್ ಅಬ್ದುಲ್ ರಹೀಂ ಅವರು ಹೈದರಾಬಾದಿನ ಉಪಾಧ್ಯಾಯರು. ಮುನಿರ್ಕಾದ ನಮಗೆ ಪರಿಚಿತವಾದ, ಇಂಡಿಯಾ ಗೇಟಿನ ಬಳಿಯ ಕ್ರೀಡಾಂಗಣದಲ್ಲಿ 1951ರಲ್ಲಿ ಅವರ ತಂಡವು ಇರಾನನ್ನು ಸೋಲಿಸಿ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಪಡೆಯಿತು. ಗೆದ್ದವರು ಗೆಲ್ಲುತ್ತಲೇ ಇರಬೇಕೆಂಬುದು ಜನರ ಆಸೆ. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದೆದುರು 10–1ರ ಸೋಲು! ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹಮದ್ ಖಾನರದು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಗುರುವೊಬ್ಬರನ್ನೇ ಹಳಿಯುವುದು ನ್ಯಾಯವೆ? 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಲಭಿಸಿತು. 1962ರಲ್ಲಿ ಜಕಾರ್ತಕ್ಕೆ ತೆರಳಿದಾಗ ಅವರನ್ನು ಅರ್ಬುದರೋಗವು ಬಾಧಿಸುತ್ತಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಕ್ಕೆ ಸೋತೆವು. ತಲೆಗೆ ಪೆಟ್ಟಾಗಿದ್ದ ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರನ್ನು ಅವರು ಮುಂಪಡೆಗೆ ತಂದರು. ಅಂತಿಮ ಪಂದ್ಯದಲ್ಲಿ ಅದೇ ಕೊರಿಯದ ಮೇಲೆ 2–1ರ ಜಯ. ಜರ್ನೈಲರದೂ ಒಂದು ಗೋಲು. 1963ರ ಜೂನ್ 11ರಂದು ರಹೀಂ ಸಾಹೇಬರು ಕಾಲವಾದರು.