ಅಧಿಕಾರ ಅಳಿದರೂ ಉಳಿದ ಹಬ್ಬ

ದಸರೆಯ ರಜೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ಮಕ್ಕಳ ಸಂಭ್ರಮಕ್ಕೆ ಎಣೆಯಿಲ್ಲ. ವಿಜಯದಶಮಿಯ ಸಂಜೆ ನೆರೆಹೊರೆಯ ಬಾಂಧವರು ಬನ್ನಿಯ ಎಲೆಯನ್ನು ಬಂಗಾರವೆಂದು ನಮ್ಮ ಕೈಯಲ್ಲಿಟ್ಟು ಹರಸುವಾಗ ನಾವೂ ಸಂತೋಷದಿಂದ ಸ್ವೀಕರಿಸುತ್ತೇವೆ. ನಾಡಿನ ಕಣ್ಣೆಲ್ಲ ಅಂದು ಮೈಸೂರಿನತ್ತ ಇರುತ್ತದೆ. ಆ ನಗರದ ದಸರೆಗೆ ದರ್ಬಾರಿನ ವೈಭವ ತಂದಿತ್ತ ಮುಮ್ಮಡಿ ಕೃಷ್ಣರಾಜ ಒಡೆಯರ ಬಾಳನ್ನು ಈ ವಾರ ಸ್ಮರಿಸೋಣ.

ವಿಜಯನಗರದ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದ್ದರು. ಅವರ ವಂಶದಲ್ಲಿ 1794ರಲ್ಲಿ ಜನಿಸಿದ ಕೃಷ್ಣರಾಜರು ಎರಡು ವರ್ಷ ತುಂಬುವಷ್ಟರಲ್ಲಿ ತಂದೆಯನ್ನು ಕಳೆದುಕೊಂಡರು. ಅರಸು ಮನೆತನ ಆಗ ಅಧಿಕಾರವಿಲ್ಲದೆ ಕಷ್ಟದಲ್ಲಿತ್ತು. 1799ರ ಮೇ 4ರಂದು ಟಿಪ್ಪು ಸುಲ್ತಾನರು ರಣರಂಗದಲ್ಲಿ ಮಡಿದ ಮೇಲೆ, ಆಂಗ್ಲರು ಜೂನ್ 30ರಂದು ಐದು ವರ್ಷವೂ ತುಂಬದ ಈ ಬಾಲಕನನ್ನು ಸಿಂಹಾಸನದಲ್ಲಿ ಕೂರಿಸಿದರು. ಅಜ್ಜಿ ಲಕ್ಷ್ಮಮ್ಮಣ್ಣಿಯವರ ಆಸರೆಯಲ್ಲಿ ಬಾಲಕ ಬೆಳೆದನು. ದಿವಾನ್ ಪೂರ್ಣಯ್ಯ ರಾಜ್ಯಭಾರ ನಡೆಸಿದರು. 1805ರ ದಸರೆಯಲ್ಲಿ ಅರಮನೆಯ ವಿಶೇಷ ದರ್ಬಾರು ಆರಂಭವಾಯಿತು.

ಆದರೆ ಆ ವೈಭವದ ಹಿಂದೆ ದುಃಖವೂ ಕಾದಿತ್ತು. ನಗರ ಸೀಮೆಯ ರೈತರ ದಂಗೆಯನ್ನು ಕಾರಣವಾಗಿಸಿ ಆಂಗ್ಲರು 1831ರಲ್ಲಿ ಆಡಳಿತವನ್ನು ಕಸಿದುಕೊಂಡರು. ಮೂವತ್ತೇಳರ ಹರೆಯದಲ್ಲಿ ಅರಸರಿಗೆ ಹೆಸರು ಮಾತ್ರ ಉಳಿಯಿತು. ಆದರೂ ಅವರು ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ವರ್ಷವರ್ಷವೂ ದಸರೆ ನಡೆಸಿದರು, ಕವಿಪಂಡಿತರನ್ನು ಪೋಷಿಸಿದರು, ಶಾಲೆ ತೆರೆದರು. ಅನ್ಯಧರ್ಮದ ಪ್ರಜೆಗಳನ್ನೂ ಮರೆಯಲಿಲ್ಲ. ಇಂದು ಸಂತ ಫಿಲೋಮಿನಾ ದೇವಾಲಯ ನಿಂತಿರುವ ಸ್ಥಳದಲ್ಲಿ 1843ರಲ್ಲಿ ಕ್ರೈಸ್ತರಿಗಾಗಿ ಒಂದು ದೇವಾಲಯ ಎದ್ದದ್ದು ಅವರ ಔದಾರ್ಯದಿಂದಲೇ.

ನಮ್ಮ ಸುರಪುರದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಕಲಕುತ್ತದೆ. ರಾಜಾ ವೆಂಕಟಪ್ಪ ನಾಯಕನೂ ಬಾಲ್ಯದಲ್ಲೇ ಪಟ್ಟಕ್ಕೆ ಬಂದವನು. ಆಂಗ್ಲ ಅಧಿಕಾರಿ ಮೆಡೋಸ್ ಟೇಲರ್ ಅವನ ಪರವಾಗಿ ಆಡಳಿತ ನೋಡಿಕೊಂಡನು. ಮುಂದೆ ಆ ತರುಣನು ಆಂಗ್ಲರ ವಿರುದ್ಧ ಕತ್ತಿ ಹಿಡಿದು, 1858ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ತೆತ್ತನು. ಒಬ್ಬನದು ಕೆಚ್ಚು, ಇನ್ನೊಬ್ಬರದು ತಾಳ್ಮೆ. ಯಾವುದು ಹೆಚ್ಚು ಎಂದು ತೂಗುವ ಹಕ್ಕು ನಮಗಿಲ್ಲ.

ಮುಮ್ಮಡಿಯವರಿಗೆ ಪಟ್ಟಕ್ಕೆ ಅರ್ಹನಾದ ಪುತ್ರನಿರಲಿಲ್ಲ. ತಮ್ಮ ಬಳಿಕ ರಾಜ್ಯವನ್ನು ಆಂಗ್ಲರು ನುಂಗಿಬಿಡುವರೆಂಬ ಆತಂಕ ಅವರನ್ನು ಕಾಡುತ್ತಿತ್ತು. 1865ರಲ್ಲಿ ಬಾಲಕ ಚಾಮರಾಜೇಂದ್ರನನ್ನು ದತ್ತು ಸ್ವೀಕರಿಸಿದರು. ಆ ದತ್ತಕಕ್ಕೆ 1867ರಲ್ಲಿ ಮನ್ನಣೆ ದೊರೆಯಿತು. ಮರುವರ್ಷ ಮಾರ್ಚ್ 27ರಂದು ಅವರು ಕಣ್ಮುಚ್ಚಿದರು. ಕಸಿದುಕೊಂಡ ಆಡಳಿತವು 1881ರಲ್ಲಿ ದತ್ತುಪುತ್ರನಿಗೆ ಮರಳಿತು. ತಂದೆ ಅದನ್ನು ಕಾಣಲಿಲ್ಲ.

ಇಂದು ರಾಜರ ಆಳ್ವಿಕೆಯಿಲ್ಲ. ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹವನ್ನಿರಿಸಿ ಜನರೇ ನಾಡಹಬ್ಬ ಆಚರಿಸುತ್ತಾರೆ. ಅಧಿಕಾರವನ್ನು ಕಳೆದುಕೊಂಡವನು ಕರ್ತವ್ಯವನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಆ ಮೆರವಣಿಗೆಯೇ ಸಾಕ್ಷಿ. ಈ ಸಲ ಬನ್ನಿ ಹಂಚಿಕೊಳ್ಳುವಾಗ, ಫಲ ಕಾಣದೆಯೂ ಹಬ್ಬವನ್ನು ನಂಬಿಕೆಯಿಂದ ಕಾಯ್ದುಕೊಟ್ಟ ಆ ಹಿರಿಯ ಜೀವವನ್ನು ಕೃತಜ್ಞತೆಯಿಂದ ನೆನೆಯೋಣ.