ಹೈನ್ರಿಖ್ ಹರ್ಟ್ಸ್ ಪಂಡಿತನ ಜೀವಿತ

ರೇಡಿಯೋ ಪೆಟ್ಟಿಗೆಯ ಮುಖದಲ್ಲಿ ಬರೆದಿರುವ ಕಿಲೋಹರ್ಟ್ಸ್, ಮೆಗಾಹರ್ಟ್ಸ್ ಎಂಬ ಮಾತುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಕಂಡಿರುವರು. ಅವುಗಳಲ್ಲಿ ಒಬ್ಬ ಮನುಷ್ಯನ ಹೆಸರು ಅಡಗಿದೆ ಎಂಬುದನ್ನು ಬಲ್ಲವರು ಕೆಲವರೇ.

ಹೈನ್ರಿಖ್ ಹರ್ಟ್ಸನು 1857ನೆಯ ಇಸವಿ ಫೆಬ್ರವರಿ 22ರಂದು ಜರ್ಮನಿಯ ಹ್ಯಾಂಬುರ್ಗ್ ಪಟ್ಟಣದಲ್ಲಿ ವಕೀಲನೊಬ್ಬನ ಹಿರಿಯ ಮಗನಾಗಿ ಜನಿಸಿದನು. ಓದಿನಲ್ಲಿ ಎಷ್ಟು ಚುರುಕೋ ಕೈಕೆಲಸದಲ್ಲಿಯೂ ಅಷ್ಟೇ ಚುರುಕು. ಮೊದಲು ಇಂಜಿನಿಯರನಾಗಬೇಕೆಂದು ಹೊರಟವನು ಮನಸ್ಸನ್ನು ಬದಲಿಸಿ, ಬರ್ಲಿನ್ನಿನಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾ ಪಂಡಿತನ ಶಿಷ್ಯನಾದನು. 1885ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯಕ್ಕೆ ಪ್ರೊಫೆಸರನಾಗಿ ಹೋದನು.

ಬೆಳಕು ವಿದ್ಯುತ್ತಿನ ತರಂಗವೇ ಎಂದು ಮ್ಯಾಕ್ಸ್‌ವೆಲ್ಲನು ಇದಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ ಗಣಿತದಿಂದ ತೋರಿಸಿದ್ದನು. ಆದರೆ ಅಂಥ ತರಂಗವನ್ನು ವಿದ್ಯುದ್ಯಂತ್ರದಿಂದ ಎಬ್ಬಿಸಿ ತೋರಿಸಿದವರಿಲ್ಲ. ಹರ್ಟ್ಸನು ಎರಡು ತಂತಿಗಳನ್ನು ಎದುರುಬದುರಾಗಿ ಇಟ್ಟು, ನಡುವೆ ಸ್ವಲ್ಪ ಎಡೆ ಬಿಟ್ಟು, ಅಲ್ಲಿ ಕಿಡಿ ಹಾರಿಸಿದನು. ದೂರದಲ್ಲಿ, ಯಾವ ಸಂಬಂಧವೂ ಇಲ್ಲದ ಒಂದು ತಂತಿಯ ಬಳೆಯ ಬಾಯಲ್ಲಿ ಮರುಕಿಡಿ ಕಾಣಿಸಿತು. ಅದು ಬಹಳ ಸಣ್ಣದು. ಕೋಣೆಯನ್ನು ಕತ್ತಲೆಮಾಡಿಕೊಂಡು ಕಣ್ಣು ಕೀಲಿಸಿ ನೋಡಬೇಕಾಗಿತ್ತು. ಸತುವಿನ ತಗಡಿನಿಂದ ಆ ತರಂಗವನ್ನು ಪ್ರತಿಫಲಿಸಿದನು. ಅರ್ಧ ಟನ್ನಿಗೂ ಮೀರಿದ ಡಾಂಬರಿನ ಪಟ್ಟಕದಿಂದ ಬಾಗಿಸಿದನು. 1888ರ ಹೊತ್ತಿಗೆ ಸಂಶಯಕ್ಕೆ ಎಡೆಯುಳಿಯಲಿಲ್ಲ.

ಆದರೆ ನಾವು ಹೆಚ್ಚು ಮೆಚ್ಚುವುದು 1889ರಲ್ಲಿ ಆತನು ಪ್ರಕಟಿಸಿದ ಒಂದು ಲೆಕ್ಕವನ್ನು. ತಂತಿಯು ಕಾದು ಕಳೆದುಕೊಳ್ಳುವ ಶಕ್ತಿ ಒಂದು ಕಡೆಗಿರಲಿ, ತರಂಗಗಳಾಗಿ ಆಕಾಶಕ್ಕೆ ಹೊರಟುಹೋಗುವ ಶಕ್ತಿಯಿಂದಲೂ ತಂತಿಯೊಳಗಿನ ಆಂದೋಲನವು ಬೇಗನೆ ಕುಗ್ಗಬೇಕೆಂದು ಅದರಿಂದ ತೋರಿಬಂತು. ಮುಂದಿನ ಇಂಜಿನಿಯರುಗಳು ಈ ವ್ಯಯವನ್ನೇ ಓಮುಗಳಲ್ಲಿ ಅಳೆದು ವಿಕಿರಣ ನಿರೋಧವೆಂದು ಕರೆದರು. ಹೆಸರು ನಿರೋಧವಾದರೂ ಇದು ನಷ್ಟವಲ್ಲ. ಏರಿಯಲ್ ತಂತಿಯು ಮಾಡುವ ಕೆಲಸವೇ ಇದು. ತರಂಗದ ಅರ್ಧದಷ್ಟು ಉದ್ದದ ತಂತಿಗೆ ಇದು ಸುಮಾರು 73 ಓಮ್. ಹತ್ತನೆಯ ಒಂದು ಪಾಲಿನ ಗಿಡ್ಡ ತಂತಿಗೆ ಸುಮಾರು 2 ಓಮ್ ಮಾತ್ರ. ಅಷ್ಟು ಅಲ್ಪವಾದಾಗ ತಂತಿಯ ಸ್ವಂತ ನಿರೋಧವೇ ಮೇಲಾಗಿ, ಕೊಟ್ಟ ಶಕ್ತಿಯು ಬಹಳಮಟ್ಟಿಗೆ ಬಿಸಿಯಾಗಿ ವ್ಯರ್ಥವಾಗಬಹುದು. ಹಸಿ ಸೌದೆಯ ಒಲೆಯನ್ನು ಊದಿದ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾನುಲಿ ನಿಲಯಗಳು ಅಷ್ಟೆತ್ತರದ ಕಂಬಗಳನ್ನು ನಿಲ್ಲಿಸುವುದೂ ಈ ಕಾರಣದಿಂದಲೇ.

ತನ್ನ ತರಂಗಗಳಿಂದ ಮಾತನ್ನು ಸಾಗಿಸಬಹುದೆಂದು ಆತನು ನೆನಸಲಿಲ್ಲ. ಇಂಜಿನಿಯರೊಬ್ಬನು ಕೇಳಿದಾಗ, ಆಗುವ ಮಾತಲ್ಲವೆಂಬ ಅರ್ಥದಲ್ಲಿಯೇ ಉತ್ತರ ಬರೆದನು. ಬಾನ್ ಪಟ್ಟಣದಲ್ಲಿ ದೀರ್ಘಕಾಲ ರೋಗದಿಂದ ನರಳಿ, ಶಸ್ತ್ರಚಿಕಿತ್ಸೆಗಳೂ ಫಲಿಸದೆ, 1894ನೆಯ ಜನವರಿ 1ರಂದು, ಮೂವತ್ತೇಳು ತುಂಬುವ ಮುನ್ನವೇ ತೀರಿಕೊಂಡನು. ಮರುವರ್ಷವೇ ನಮ್ಮ ದೇಶದ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಅದೇ ಜಾತಿಯ ತರಂಗಗಳನ್ನು ಇನ್ನೂ ಕಿರಿದುಮಾಡಿ ಪ್ರಯೋಗಿಸಿ ತೋರಿಸಿದರು.

ಪತ್ನಿ ಎಲಿಜಬೆತ್ತಳೂ ಎಳೆಯ ಹೆಣ್ಣುಮಕ್ಕಳಿಬ್ಬರೂ ಉಳಿದರು. ಕಿರಿಯಳಾದ ಮಟಿಲ್ಡೆಗೆ ಆಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಆಕೆಯು ಬೆಳೆದು ಜೀವಶಾಸ್ತ್ರಜ್ಞೆಯಾಗಿ, ಜೇನುನೊಣಗಳು ಆಕಾರಗಳನ್ನು ಹೇಗೆ ಗುರುತಿಸುವವೆಂದು ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸಿದಳು. ತಂದೆಯ ವಂಶವು ಯೆಹೂದ್ಯ ಮೂಲದ್ದೆಂಬ ಕಾರಣದಿಂದ 1933ರಲ್ಲಿ ಬೋಧಿಸುವ ಹಕ್ಕನ್ನು ಕಳೆದುಕೊಂಡು, ಕೆಲವು ವರ್ಷಗಳಲ್ಲಿ ಇಂಗ್ಲೆಂಡನ್ನು ಸೇರಿದಳು; ತಾಯಿಯೂ ಅಕ್ಕನೂ ಅಲ್ಲಿಗೇ ಹೋದರು. ತಂದೆಯ ಹೆಸರು ಲೋಕದ ರೇಡಿಯೋಗಳೆಲ್ಲದರ ಮೇಲೂ ಇದ್ದ ಕಾಲದಲ್ಲಿ, 1975ರಲ್ಲಿ, ಆಕೆಯು ಕೇಂಬ್ರಿಜ್ಜಿನಲ್ಲಿ ತೀರಿಕೊಂಡಳು.