ಒನೆಹುಂಗದ ಮೇಯರ್ ಎಲಿಜಬೆತ್ ಯೇಟ್ಸ್

ನ್ಯೂಜಿಲೆಂಡಿನ ಸ್ತ್ರೀಯರು ಪಾರ್ಲಿಮೆಂಟಿನ ಚುನಾವಣೆಯಲ್ಲಿ ಪ್ರಪ್ರಥಮವಾಗಿ ಮತವಿತ್ತದ್ದು 1893ನೆಯ ಇಸವಿ ನವೆಂಬರ್ 28ರಂದು. ಮರುದಿನವೇ ಆಕ್ಲೆಂಡ್ ನಗರದ ಬಳಿಯ ಒನೆಹುಂಗವೆಂಬ ಚಿಕ್ಕ ಪಟ್ಟಣದವರು ಎಲಿಜಬೆತ್ ಯೇಟ್ಸ್ ಎಂಬಾಕೆಯನ್ನು ತಮ್ಮ ಮೇಯರನ್ನಾಗಿ ಆರಿಸಿದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಆ ಪದವಿಯನ್ನೇರಿದ ಮೊದಲನೆಯ ಸ್ತ್ರೀ ಈಕೆಯೇ. ಸ್ಕಾಟ್ಲೆಂಡಿನಲ್ಲಿ ಜನಿಸಿದ ಈಕೆಯು 1853ರಲ್ಲಿ ಆ ದ್ವೀಪಕ್ಕೆ ಬಂದಳು. ಪತಿಯಾದ ನಾವಿಕ ಮೈಕೆಲ್ ಯೇಟ್ಸರೂ ಹಿಂದೆ ಅಲ್ಲಿಯ ಮೇಯರಾಗಿದ್ದವರು.

ಆಕೆಯು ಅಧಿಕಾರಕ್ಕೆ ಬಂದೊಡನೆ ನಾಲ್ವರು ಸದಸ್ಯರೂ ಪುರಸಭೆಯ ಕಾರ್ಯದರ್ಶಿಯೂ ರಾಜೀನಾಮೆಯಿತ್ತರು. ಸಭೆಗಳು ಗದ್ದಲದ ಕಣಗಳಾದವು. ಆಕೆಯ ಮಾತೂ ನಯವಾದುದಲ್ಲ. ನಿಯಮಗಳಲ್ಲಿ ತಾಳ್ಮೆಯೂ ಅಲ್ಪವೇ. ಆದರೂ ಆ ಒಂದು ವರ್ಷದಲ್ಲಿ ಪಟ್ಟಣದ ಸಾಲವು ತೀರಿತು. ಬೆಂಕಿ ಆರಿಸುವ ದಳವು ಪುನಾರಚಿತವಾಯಿತು. ರಸ್ತೆ, ಕಾಲುದಾರಿ, ನೈರ್ಮಲ್ಯಗಳು ಸುಧಾರಿಸಿದವು.

1894ರ ಚುನಾವಣೆಯಲ್ಲಿ ಆಕೆಯು ದೊಡ್ಡ ಸೋಲನ್ನೇ ಕಂಡಳು. ಆದರೆ ಮೇಯರಾಗಿದ್ದವಳು ಸಾಮಾನ್ಯ ಸದಸ್ಯಳಾಗುವುದು ಕುಂದೆಂದೆಣಿಸದೆ, 1899ರಿಂದ 1901ರವರೆಗೆ ಅದೇ ಸಭೆಯಲ್ಲಿ ಕುಳಿತು ಕೆಲಸ ಮಾಡಿದಳು. 1918ರಲ್ಲಿ ತೀರಿಕೊಂಡಳು.

ಮೊದಲು ಹೆಜ್ಜೆಯಿಡುವ ಹೆಣ್ಣು ನಿರ್ದೋಷಿಯಾಗಿರಬೇಕೆಂದು ಲೋಕವು ಬಯಸುತ್ತದೆ; ಗಂಡಸಿಗೆ ಆ ನಿಬಂಧನೆಯಿಲ್ಲ. ನಮ್ಮ ಬಾಲಿಕೆಯರಿಗೆ ನಯನುಡಿಯನ್ನು ಕಲಿಸುವ ನಾವು, ಸೋತ ಸಭೆಗೇ ಮರಳುವ ಈಕೆಯ ಧೈರ್ಯವನ್ನೂ ಕಲಿಸಬೇಕೆಂದು ಭಾವಿಸುತ್ತೇವೆ.